ಓರಿಯೋಲ್ಸ್ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದೆಯಾ?

ಹೊನ್ನಕ್ಕಿ_ಎಲಿಕಾಟ್

ಬ್ಯಾಟರ್ ಪೀಟ್ ಅಲೊನ್ಸೊ ನಮ್ಮ ಬಾಲ್ಟಿಮೋರಿನ ಬೇಸ್‌ಬಾಲ್ ಟೀಮ್ ಓರಿಯೋಲ್ಸ್‌ಗೆ ಬಂದಾಯ್ತು. 5 ವರ್ಷಕ್ಕೆ 15.5 ಕೋಟಿ ಡಾಲರ್. ಮನೆಯಲ್ಲಿ ಮಗ ಕುಣಿದಾಡುತ್ತಿದ್ದಾನೆ. ನನಗೆ ಮಾತ್ರ ಖುಷಿಪಡೋಕೂ ಭಯ. ತೆನಾಲಿ ರಾಮನ ಬೆಕ್ಕಿನ ಹಾಗಾಗಿದೆ ನನ್ನ ಪಾಡು, ಹಾಲಿನ ಬಟ್ಟಲು ಕಂಡರೆ ಓಡಬೇಕು ಅನಿಸುತ್ತೆ.

ಮೇರಿಲ್ಯಾಂಡಿನಲ್ಲಿರುವ ನಮ್ಮವರು ಇಲ್ಲಿ ಸುಮಾರು ಜನ ಇದ್ದೀರಿ. ಬೇಸ್‌ಬಾಲ್ ನೋಡೋರು ಎಷ್ಟು ಜನವೋ ಗೊತ್ತಿಲ್ಲ. ಆದರೂ ಹೊಟ್ಟೆಯಲ್ಲಿರೋದನ್ನ ಹೊರಗೆ ಹಾಕಿಬಿಡ್ತೀನಿ.

ನಾನು ಈ ಊರಿಗೆ ಬಂದಿದ್ದು 2018ರಲ್ಲಿ. ಆ ವರ್ಷ ಓರಿಯೋಲ್ಸ್ 115 ಆಟ ಸೋತಿತ್ತು. ಆಫೀಸಿನಲ್ಲಿ ಯಾರಿಗೂ ಬೇಡದ ಟಿಕೆಟ್ ನನ್ನ ಟೇಬಲ್ಲಿಗೆ ಬರುತ್ತಿತ್ತು. ಪುಕ್ಕಟೆ ಸಿಕ್ಕಿತಲ್ಲ ಅಂತ ಹೋದೆ, ಅಂಟಿಕೊಂಡೆ. 2019ರಲ್ಲಿ 108 ಸೋಲು. 2021ರಲ್ಲಿ 110, ಅದರಲ್ಲಿ ಒಮ್ಮೆ ಸತತ 19. ನಿಜ ಹೇಳಬೇಕೆಂದರೆ ಆಗ ಬೇಜಾರೇ ಆಗುತ್ತಿರಲಿಲ್ಲ. ಆಗ ಜನರಲ್ ಮ್ಯಾನೇಜರ್ ಆಗಿದ್ದ, ಅಂದರೆ ಟೀಮು ಕಟ್ಟುವ ಹೊಣೆ ಹೊತ್ತಿದ್ದ ಮೈಕ್ ಇಲಾಯಸ್ ಹೂಸ್ಟನ್ನಿಂದ ಬಂದವರು. ಅಲ್ಲಿನ ಮಾದರಿಯೂ ಇದೇ ಆಗಿತ್ತು. ಸೋಲಿ, ಡ್ರಾಫ್ಟಿನಲ್ಲಿ (ಟೀಮುಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸೋದು) ಮೊದಲ ಆಯ್ಕೆ ಪಡೆಯಿರಿ, ಹುಡುಗರನ್ನು ಬೆಳೆಸಿ. ಬಿತ್ತನೆ ಟೈಮಿನಲ್ಲಿ ಯಾರೂ ತೆನೆ ಕೇಳಲ್ಲ ಅಲ್ವಾ.

ತೆನೆಯೂ ಬಂತು. 2019ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಕ್ಯಾಚರ್ ಆಡ್ಲಿ ರಚ್‌ಮನ್. ಅದೇ ಡ್ರಾಫ್ಟಿನ 42ನೇ ಆಯ್ಕೆಯಲ್ಲಿ ಗನ್ನರ್ ಹೆಂಡರ್ಸನ್. 2022ರಲ್ಲಿ ಮತ್ತೆ ಮೊದಲ ಆಯ್ಕೆ, ಜ್ಯಾಕ್ಸನ್ ಹಾಲಿಡೇ. 2023ರಲ್ಲಿ 101 ಗೆಲುವು! ಆ ಬೇಸಿಗೆ ಹೇಗಿತ್ತು ಅಂದರೆ, ಎಡ ಮೂಲೆಯ ‘ಬರ್ಡ್ ಬಾತ್’ ಸ್ಟ್ಯಾಂಡಿನಲ್ಲಿ ಕೂತು, ನಮ್ಮವರು ದೊಡ್ಡ ಹೊಡೆತ ಹೊಡೆದಾಗ ಜನರ ಮೇಲೆ ಬಿಡೋ ಪೈಪಿನ ನೀರಲ್ಲಿ ತೊಪ್ಪೆಯಾಗಿ ಮನೆಗೆ ಬರುತ್ತಿದ್ದೆವು. ಹೆಂಡತಿ ಬೈಯುತ್ತಿದ್ದಳು, ಮುಂದಿನ ವಾರ ಅವಳೂ ಬರುತ್ತಿದ್ದಳು.

ಆಮೇಲೆ? ಪ್ಲೇಆಫ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಕೈಯಲ್ಲಿ ಮೂರಕ್ಕೆ ಮೂರೂ ಸೋಲು. 2024ರಲ್ಲಿ 91 ಗೆದ್ದು ಹೋಗಿ ಕ್ಯಾನ್ಸಸ್ ಸಿಟಿ ರಾಯಲ್ಸ್ ಎದುರು ಎರಡಕ್ಕೆ ಎರಡೂ ಸೋಲು. ಎರಡು ಆಟ ಸೇರಿ ನಾವು ಮಾಡಿದ್ದು ಒಂದೇ ಒಂದು ರನ್. 2025ರಲ್ಲಿ 75-87, ಅಂದರೆ 75 ಗೆಲುವು, 87 ಸೋಲು, ವಿಭಾಗದಲ್ಲಿ ಕೊನೆ ಸ್ಥಾನ.

ವಿಶ್ವ ಸರಣಿ ಗೆದ್ದದ್ದು ಯಾವಾಗ ಗೊತ್ತಾ? 1983. ನಮ್ಮ ಕಪಿಲ್ ದೇವ್ ಕಪ್ ಎತ್ತಿದ ವರ್ಷ.

ನಮ್ಮ ಅಜ್ಜಿ ಊರಲ್ಲಿ ಬಾಗಿಲಿನ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ದಿನಾ ಬಂದು ಓದಿಕೊಂಡು ವಾಪಸ್ ಹೋಗಬೇಕು. ಈಗ ನಾನೇ ಆ ದೆವ್ವ. ಪ್ರತಿ ಅಕ್ಟೋಬರ್ ಹೋಗಿ ಬಾಗಿಲು ಓದಿಕೊಂಡು ಬರ್ತೀನಿ. ನಿಮಗೇನನಿಸುತ್ತೆ, ಹೇಳಿ.

ಬೋವಿ_ಬೆಂಚು

ಸರ್, ಆ ದೆವ್ವದ ಪಕ್ಕದಲ್ಲಿ ನನಗೂ ಒಂದು ಜಾಗ ಇಡಿ.

ಹೆಂಡರ್ಸನ್‌ನನ್ನು ನಾನು ಮೊದಲು ನೋಡಿದ್ದು 2022ರ ಮೇ ತಿಂಗಳಲ್ಲಿ, ಬೋವಿಯ ಮೈನರ್ ಲೀಗ್ (ಹುಡುಗರು ತಯಾರಾಗುವ ಕೆಳ ಹಂತ) ಮೈದಾನದಲ್ಲಿ. ಬೇಲಿಗೆ ಅಂಟಿಕೊಂಡು ನಿಂತರೆ ಅವನು ಉಗುಳೋದೂ ಕಾಣುತ್ತೆ. ಅಷ್ಟು ಹತ್ತಿರ. ಎರಡನೇ, ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಬಲಕ್ಕೆ ಬಗ್ಗಿ ಚೆಂಡು ಎತ್ತಿದ. ಕಾಲು ಊರೋದಕ್ಕೆ ಮುಂಚೆಯೇ ಎಸೆದ. ಮೊದಲ ಬೇಸಿನವನ ಗ್ಲೌಸಿಗೆ ಬಿದ್ದಾಗ ತೆಂಗಿನಕಾಯಿ ಒಡೆದ ಹಾಗೆ ಸದ್ದು. ಪಕ್ಕದಲ್ಲಿದ್ದ ಅಜ್ಜ ಪಾಪ್‌ಕಾರ್ನ್ ಡಬ್ಬಿ ಕೆಳಗಿಟ್ಟು ‘ಇವನು ಇಲ್ಲಿ ಜಾಸ್ತಿ ದಿನ ಇರಲ್ಲ’ ಅಂದರು. ಜೂನಿಗೆಲ್ಲ ಅವನು ಮೈನರ್ ಲೀಗಿನಲ್ಲೇ ಒಂದು ಮೆಟ್ಟಿಲು ಮೇಲಿನ ನಾರ್ಫೋಕಿಗೆ ಹೋಗಿದ್ದ, ಆಗಸ್ಟ್ ಮುಗಿಯುವಷ್ಟರಲ್ಲಿ ಬಾಲ್ಟಿಮೋರ್. ಮುಂದಿನ ವರ್ಷ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸಬ, ಒಂದೂ ಮತ ಬಿಡದೆ.

ಇಂಥ ಹುಡುಗನನ್ನು ಇಟ್ಟುಕೊಂಡೂ ಗೆಲ್ಲಲಿಲ್ಲ ಅನ್ನೋದೇ ಹೊಟ್ಟೆ ಉರಿ.

ಜಯನಗರ_4ನೇ_ಬ್ಲಾಕ್

ನಾನು ಬೆಂಗಳೂರಿನಿಂದ. ಬೇಸ್‌ಬಾಲ್ ಒಂದಕ್ಷರವೂ ಗೊತ್ತಿಲ್ಲ, ಶೀರ್ಷಿಕೆ ನೋಡಿ ಒಳಗೆ ಬಂದೆ. ಆದರೆ ಒಂದು ಮಾತು. 18 ವರ್ಷ ಆರ್‌ಸಿಬಿ ಅಂತ ಜಪ ಮಾಡಿದವರು ನಾವು. 2025ರ ಜೂನ್ 3ಕ್ಕೆ ಕೊನೆಗೂ ಸಿಕ್ಕಿತು. ನೀವು 2018ರಿಂದ ನೋಡ್ತಿದ್ದೀರಿ, ಅಷ್ಟಕ್ಕೇ ಸುಸ್ತಾ? ತಾಳಿದವನು ಬಾಳಿಯಾನು ಗುರು.

ಹೊನ್ನಕ್ಕಿ_ಎಲಿಕಾಟ್

ಹ್ಹಹ್ಹ. ನಾನೂ ಆರ್‌ಸಿಬಿಯೇ ಸ್ವಾಮಿ. ಜೂನ್ 3ರಂದು ಇಲ್ಲಿ ಮಧ್ಯಾಹ್ನದ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಅತ್ತವನು.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ. ಆರ್‌ಸಿಬಿ ಸೋತಾಗ ‘ಮುಂದಿನ ವರ್ಷ’ ಅಂತ ಧೈರ್ಯವಾಗಿ ಹೇಳಬಹುದಿತ್ತು. ಯಾಕಂದ್ರೆ ಮುಂದಿನ ವರ್ಷವೂ ಕೊಹ್ಲಿ ಇರ್ತಾನೆ ಅಂತ ಗೊತ್ತಿತ್ತು. ಬೇಸ್‌ಬಾಲಿನಲ್ಲಿ ಹಾಗಲ್ಲ. ಹುಡುಗ ಮೇಜರ್ ಲೀಗಿಗೆ ಬಂದ ಮೇಲೆ 6 ವರ್ಷದ ಸೇವೆ ಮುಗಿಯುವವರೆಗೆ ಟೀಮಿನ ಹಿಡಿತದಲ್ಲಿ ಇರ್ತಾನೆ. ಮೊದಲ ಸುಮಾರು 3 ವರ್ಷ ಕನಿಷ್ಠ ಸಂಬಳ ಕೊಟ್ಟರೂ ನಡೆಯುತ್ತೆ. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್. ನಮಗೆ ದೊಡ್ಡ ದುಡ್ಡು, ಆ ಲೋಕದಲ್ಲಿ ಚಿಲ್ಲರೆ. 6 ವರ್ಷ ಮುಗಿದರೆ ಅವನು ಸ್ವತಂತ್ರ. ಯಾರು ಜಾಸ್ತಿ ಕೊಡ್ತಾರೋ ಅವರ ಹತ್ತಿರ ಹೋಗಬಹುದು.

ರಚ್‌ಮನ್ ಲೆಕ್ಕ 2027ಕ್ಕೆ ಮುಗಿಯುತ್ತೆ. ಅಂದರೆ 2025ರ ನಂತರ ಎರಡೇ ಸೀಸನ್. ಹೆಂಡರ್ಸನ್ 2028. ಅಗ್ಗದಲ್ಲಿ ಸಿಕ್ಕ ಒಳ್ಳೆ ವರ್ಷಗಳನ್ನೇ ಕಳೆದುಬಿಟ್ಟೆವು. ನನ್ನ ಸಂಕಟ ಇದು. ಸೋತದ್ದಲ್ಲ.

ಅಂಕಿಸಂಖ್ಯೆ_ಅಣ್ಣಪ್ಪ

ಇಷ್ಟು ಗೋಳಾಟ ಬೇಕಾ? ಸ್ವಲ್ಪ ಲೆಕ್ಕ ನೋಡಿ.

2025ರಲ್ಲಿ ಟೀಮ್ 16-34ಕ್ಕೆ ಇಳಿದಿತ್ತು. ಅಲ್ಲಿಂದ ಮುಂದೆ 59-53. ಅದು ಕೆಟ್ಟ ಟೀಮಿನ ಲೆಕ್ಕವಾ? ಮೇ 17ಕ್ಕೆ ಮ್ಯಾನೇಜರ್ (ಕ್ರಿಕೆಟ್ಟಿನ ಕೋಚ್ ಇದ್ದ ಹಾಗೆ) ಬ್ರ್ಯಾಂಡನ್ ಹೈಡ್‌ರನ್ನು ತೆಗೆದರು. 2023ರಲ್ಲಿ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದವರು ಪಾಪ. ಟೋನಿ ಮ್ಯಾನ್ಸೊಲಿನೊ ಕೈಗೆ ಬಂದ ಮೇಲೆ ಹುಡುಗರು ಸುಧಾರಿಸಿಕೊಂಡರು. ಗಾಯಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಕೌಸರ್ ಸೀಸನ್ನಿನ ಮೊದಲ ಸರಣಿಯಲ್ಲೇ ಮೊದಲ ಬೇಸಿಗೆ ತಲೆ ಮುಂದೆ ಮಾಡಿ ಜಾರಿ ಹೆಬ್ಬೆರಳು ಮುರಿದುಕೊಂಡ. ರಚ್‌ಮನ್‌ಗೆ ಪಕ್ಕೆಯ ಸ್ನಾಯು, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಪಿಚರ್ (ಚೆಂಡು ಎಸೆಯುವವನು) ಗ್ರೇಸನ್ ರಾಡ್ರಿಗೆಸ್ ಇಡೀ ಸೀಸನ್ನಿನಲ್ಲಿ ಒಂದು ಆಟವೂ ಆಡಲಿಲ್ಲ. ಕೈಲ್ ಬ್ರ್ಯಾಡಿಶ್ ಮೊಣಕೈ ಆಪರೇಷನ್ ಮುಗಿಸಿ ಬಂದದ್ದು ಆಗಸ್ಟಿಗೆ.

ಈಗ ಅಲೊನ್ಸೊ ಇದ್ದಾನೆ, 2025ರಲ್ಲಿ 38 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ) ಹೊಡೆದವನು. ಟೇಲರ್ ವಾರ್ಡ್ ಬಂದಿದ್ದಾನೆ. ಕೊನೆಯ ಇನ್ನಿಂಗಿಗೆ ರಯಾನ್ ಹೆಲ್ಸ್‌ಲಿ. ಹೊಸ ಮ್ಯಾನೇಜರ್ ಕ್ರೇಗ್ ಆಲ್ಬರ್ನಾಜ್. ನಮ್ಮ ಹೊಸ ಕ್ಯಾಚರ್ ಬಸಾಯೊ ಹುಡುಗನಿಗೆ 8 ವರ್ಷದ ಒಪ್ಪಂದ ಆಗಿದೆ. ನಾನಂತೂ ಕಾಯೋಕೆ ರೆಡಿ.

ಪಣಂಬೂರು_ಪಿಚರ್

ಅಣ್ಣಪ್ಪಣ್ಣ, ಎಲ್ಲ ಸರಿ ಮಾರಾಯ್ರೆ. ಆದರೆ ಗಾಯಕ್ಕೆ ಮುಂಚೆ ಏನು ಮಾಡಿದರು ಅಂತ ಹೇಳಬೇಕಲ್ಲ?

ಕಾರ್ಬಿನ್ ಬರ್ನ್ಸ್ ಅಂತ ಒಬ್ಬ ಇದ್ದ. 2024ರಲ್ಲಿ ನಮ್ಮ ನಂಬರ್ ಒನ್ ಪಿಚರ್. ರಾಯಲ್ಸ್ ಎದುರು ಮೊದಲ ಪ್ಲೇಆಫ್ ಆಟದಲ್ಲಿ 8 ಇನ್ನಿಂಗ್ ಎಸೆದು ಬರೀ ಒಂದು ರನ್ ಕೊಟ್ಟ. ನಮ್ಮವರಿಗೆ ಒಂದೂ ಹೊಡೆಯಲಾಗಲಿಲ್ಲ, 1-0. ಆ ರಾತ್ರಿ ನನಗೆ ನಿದ್ದೆಯೇ ಇಲ್ಲ. ಚಳಿಗಾಲದಲ್ಲಿ ಅವನು 21 ಕೋಟಿ ಡಾಲರಿಗೆ ಅರಿಜೋನಾಕ್ಕೆ ಹೋದ. ಹೋಗಲಿ, ಅವನ ಜಾಗಕ್ಕೆ ಯಾರು? 41 ವರ್ಷದ ಚಾರ್ಲಿ ಮಾರ್ಟನ್, 35 ವರ್ಷದ ತೊಮೊಯುಕಿ ಸುಗಾನೊ. ಇಬ್ಬರೂ ಒಂದೊಂದು ವರ್ಷಕ್ಕೆ. ಮನೆ ಕಟ್ಟುವವರು ತಳಪಾಯವನ್ನು ಬಾಡಿಗೆಗೆ ತರುತ್ತಾರಾ?

2025ರ ಏಪ್ರಿಲ್ 20, ಈಸ್ಟರ್ ಭಾನುವಾರ. ಸಿನ್ಸಿನಾಟಿ ರೆಡ್ಸ್ ನಮ್ಮ ಮೈದಾನಕ್ಕೆ ಬಂದು 24-2. ಇಪ್ಪತ್ನಾಲ್ಕು! ಕೊನೆಗೆ ಪಿಚರ್‌ಗಳೇ ಅಲ್ಲದವರನ್ನು ಕರೆದು ಚೆಂಡು ಎಸೆಸಿದರು. ನಾನು ಮಕ್ಕಳ ಜೊತೆ ಅಲ್ಲೇ ಕೂತಿದ್ದೆ. ಚಿಕ್ಕವಳು ‘ಪಪ್ಪಾ, ಇವರು ಬೇಕಂತಲೇ ನಿಧಾನ ಹಾಕ್ತಿದ್ದಾರಾ?’ ಅಂತ ಕೇಳಿದಳು. ಎಂತ ಹೇಳುವುದು?

ಇಲಾಯಸ್ ಬಂದಾಗಿನಿಂದ ಮೊದಲ ಸುತ್ತಿನ ಡ್ರಾಫ್ಟಿನಲ್ಲಿ ಒಬ್ಬನೇ ಒಬ್ಬ ಪಿಚರ್ ತಗೊಂಡಿಲ್ಲ. ಎಲ್ಲ ಬ್ಯಾಟರ್‌ಗಳು. ಗ್ರೇಸನ್ ಸಹ ಹಿಂದಿನವರು 2018ರಲ್ಲಿ ಆರಿಸಿದ್ದು. ಈಗ ಅವನನ್ನೇ ಏಂಜಲ್ಸಿಗೆ ಕೊಟ್ಟು ವಾರ್ಡನ್ನು ತಂದರು, ಇನ್ನೊಬ್ಬ ಬ್ಯಾಟರ್.

ಅಂಕಿಸಂಖ್ಯೆ_ಅಣ್ಣಪ್ಪ

ಬರ್ನ್ಸ್ ವಿಷಯ ತೆಗೆದಿದ್ದು ಒಳ್ಳೇದಾಯ್ತು. 2025ರ ಜೂನಿನಲ್ಲಿ ಅವನಿಗೆ ‘ಟಾಮಿ ಜಾನ್’ ಅನ್ನೋ ಮೊಣಕೈ ಆಪರೇಷನ್ ಆಯಿತು. ಆ 21 ಕೋಟಿ ನಾವು ಕೊಟ್ಟಿದ್ದರೆ ಇವತ್ತು ಇದೇ ಚರ್ಚೆಯಲ್ಲಿ ನೀವೇ ‘ಯಾಕೆ ಕೊಟ್ಟಿರಿ’ ಅಂತ ಕೂಗುತ್ತಿದ್ದಿರಿ. ಇಲ್ಲ ಅನ್ನಿ ನೋಡೋಣ.

ಬ್ಯಾಟರ್‌ಗಳನ್ನೇ ಆರಿಸೋದಕ್ಕೂ ಕಾರಣ ಇದೇ. ಪಿಚರ್ ಕೈ ಅಂದ್ರೆ ಮಾವಿನ ಹೂ. ಒಂದು ಮಳೆಗೆ ಉದುರುತ್ತೆ.

ಪಣಂಬೂರು_ಪಿಚರ್

ಕೂಗುತ್ತಿದ್ದೆ, ಒಪ್ಪಿದೆ. 😄 ಆದರೆ ಮಾವಿನ ಹೂ ಉದುರುತ್ತದೆ ಅಂತ ಮರವನ್ನೇ ನೆಡದೆ ಇರ್ತಾರಾ?

ಟೌಸನ್_ಅಕ್ಕ

ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಟ್ರೆವರ್ ರಾಜರ್ಸ್ ಕಥೆ ಮರೆತಿರಾ? ನನಗೆ ಇಡೀ ಓರಿಯೋಲ್ಸ್ ಪುರಾಣ ಅದರಲ್ಲೇ ಕಾಣುತ್ತೆ.

2024ರ ಜುಲೈ ಕೊನೆಯಲ್ಲಿ ಮಯಾಮಿಯಿಂದ ಅವನನ್ನು ತಂದರು. ಬದಲಿಗೆ ಕೊಟ್ಟದ್ದು ಕೈಲ್ ಸ್ಟೌವರ್ಸ್ ಮತ್ತೆ ಕಾನರ್ ನಾರ್ಬಿ. ಪಿಚರ್ ರಾಜರ್ಸ್ ನಾಲ್ಕು ಆಟ ಎಸೆದ, ಹೊಡೆಸಿಕೊಂಡ, ಮೈನರ್ ಲೀಗಿಗೆ ಕಳಿಸಿದರು. ಎಲ್ಲರೂ ಬೈದೆವು. ನಾನಂತೂ ಅಡುಗೆಮನೆಯಿಂದಲೇ ಬೈದೆ, ಒಗ್ಗರಣೆ ಸೀದುಹೋಯಿತು. 2025ರಲ್ಲಿ ಸ್ಟೌವರ್ಸ್ ಮಯಾಮಿ ಪರ ಆಲ್-ಸ್ಟಾರ್ ಆದಾಗ ಇನ್ನಷ್ಟು ಬೈದೆವು. ಅಷ್ಟರಲ್ಲಿ ಇದೇ ರಾಜರ್ಸ್ ವಾಪಸ್ ಬಂದು 18 ಆಟ ಆರಂಭಿಸಿ 1.81ರ ಸರಾಸರಿಯಲ್ಲಿ ಎಸೆದ. ಗೊತ್ತಿಲ್ಲದವರಿಗೆ ಹೇಳ್ತೀನಿ, 9 ಇನ್ನಿಂಗಿಗೆ ಎರಡು ರನ್ನಿಗಿಂತ ಕಡಿಮೆ. ಅಂಥದ್ದು ಅಪರೂಪ.

ಹಾಗಾದರೆ ಆ ವ್ಯಾಪಾರದಲ್ಲಿ ಗೆದ್ದವರು ಯಾರು? ನನಗಿನ್ನೂ ಗೊತ್ತಾಗಿಲ್ಲ. ಇಲಾಯಸ್‌ಗೂ ಗೊತ್ತಿರಲಿಕ್ಕಿಲ್ಲ.

ಹುಡುಗರ ಮೇಲೆ ಹೊರೆ ಹೊರಿಸೋದು ಮಾತ್ರ ನನಗೆ ಇಷ್ಟ ಆಗಲ್ಲ. ಹಾಲಿಡೇ 2024ರ ಏಪ್ರಿಲ್‌ನಲ್ಲಿ ಬಂದಾಗ ಅವನಿಗೆ 20 ವರ್ಷ. ಅಪ್ಪ ಮ್ಯಾಟ್ ಹಾಲಿಡೇ ದೊಡ್ಡ ಆಟಗಾರ. ಟಿವಿಯವರು ಅವನು ಬರೋದಕ್ಕೆ ಮುಂಚೆಯೇ ಪ್ರಶಸ್ತಿ ಕೊಟ್ಟಾಗಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ. 34 ಸಲ ಬ್ಯಾಟ್ ಬೀಸಲು ನಿಂತು 2 ಹಿಟ್, ವಾಪಸ್ ನಾರ್ಫೋಕಿಗೆ. ನನ್ನ ಮಗನಿಗೂ ಅದೇ ವಯಸ್ಸು, ಇನ್ನೂ ಬಟ್ಟೆ ಒಗೆಯೋಕೆ ಮನೆಗೆ ತರ್ತಾನೆ. ಜುಲೈ 31ಕ್ಕೆ ಮತ್ತೆ ಕರೆಸಿದರು, ಬಂದ ದಿನವೇ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. ನಾನು ಅತ್ತುಬಿಟ್ಟೆ ಕಣ್ರೀ.

ಧಾರವಾಡ_ಪೇಡಾ

ಅಕ್ಕಾರ, ನಿಮ್ಮ ಒಗ್ಗರಣಿ ಸೀದದ್ದಕ್ಕೂ ಇಲಾಯಸ್ ಅವರನ್ನೇ ಬೈಯೋಣು. 😂

ನನ್ನದೊಂದು ಬ್ಯಾರೆ ಪ್ರಶ್ನೆ. ಹೊಸ ಮಾಲಕರು ಬಂದಾರ ಅಂತ 2024ರಾಗ ದೊಡ್ಡ ಸುದ್ದಿ ಆಗಿತ್ತು. ಡೇವಿಡ್ ರೂಬನ್‌ಸ್ಟೈನ್ ಅವರು 172.5 ಕೋಟಿ ಡಾಲರ್ ಕೊಟ್ಟು ತಗೊಂಡ್ರು. ಬಾಲ್ಟಿಮೋರಿನವರೇ, ರೊಕ್ಕಕ್ಕೇನು ಕೊರತಿ? ಮತ್ತ ಹೆಂಡರ್ಸನ್, ರಚ್‌ಮನ್ ಇಬ್ಬರಿಗೂ ಹತ್ತು ವರ್ಷದ ಸಹಿ ಹಾಕಿಸಿ ಮುಗಿಸಬಾರದೇನು?

ಹೊನ್ನಕ್ಕಿ_ಎಲಿಕಾಟ್

ಹಾಕಿಸಬಹುದು, ಹುಡುಗರು ಒಪ್ಪಬೇಕಲ್ಲ ಸರ್. ಹೆಂಡರ್ಸನ್, ಹಾಲಿಡೇ ಇಬ್ಬರಿಗೂ ಏಜೆಂಟ್ ಸ್ಕಾಟ್ ಬೋರಸ್. ಆಟಗಾರರನ್ನು ಮಾರುಕಟ್ಟೆಗೆ ಬಿಟ್ಟು ಪೂರ್ತಿ ಬೆಲೆ ತೆಗೆಸೋದರಲ್ಲಿ ಅವರು ಹೆಸರುವಾಸಿ. ತಪ್ಪು ಅನ್ನೋಕಾಗಲ್ಲ, ಅವರ ಕೆಲಸ ಅದು. ಬಸಾಯೊ ಒಬ್ಬ ಬೇಗ ಸಹಿ ಹಾಕಿದ, 6.7 ಕೋಟಿಗೆ. ಬಂದು ಒಂದು ವಾರವೂ ಆಗಿರಲಿಲ್ಲ.

ಸಹಿ ಹಾಕಿಸೋಕೆ ಸರಿಯಾದ ಟೈಮು ಅಂದ್ರೆ 2022, 2023. ಆಗ ಟೀಮು ಏಂಜಲೊಸ್ ಕುಟುಂಬದ ಕೈಯಲ್ಲಿತ್ತು. ಮನೆ ಮಾರಾಟಕ್ಕಿರುವಾಗ ಯಾರು ಬಣ್ಣ ಹೊಡೆಸ್ತಾರೆ?

ಸರಿ, ಎಲ್ಲರೂ ಇಷ್ಟು ಹೇಳಿಕೊಂಡಿರಿ. ನಾನೊಂದು ಪಾಪ ಒಪ್ಪಿಕೊಳ್ತೀನಿ. ಬೈಬೇಡಿ.

2025ರ ಸೆಪ್ಟೆಂಬರ್ 6, ಶನಿವಾರ. ಲಾಸ್ ಏಂಜಲೀಸಿನ ಡಾಡ್ಜರ್ಸ್ ಬಂದಿದ್ದರು. ಮೇಲಿನ ಸ್ಟ್ಯಾಂಡಿನಲ್ಲಿ ನಾನು, ಮಗ. ಅವನಿಗೆ 11. ಅವರ ಪಿಚರ್ ಯಮಾಮೊಟೊ ಎಸೆಯುತ್ತಿದ್ದ, ನಮ್ಮವರಿಗೆ 8 ಇನ್ನಿಂಗಿನಲ್ಲಿ ಒಂದೂ ಹಿಟ್ ಇಲ್ಲ. 3-0 ಹಿಂದೆ. ಸೀಸನ್ ಹೇಗೂ ಮುಗಿದಿತ್ತು. ಜುಲೈನಲ್ಲೇ ಮಲ್ಲಿನ್ಸ್, ಒ’ಹರ್ನ್, ಲೊರಿಯಾನೊ ಎಲ್ಲರನ್ನೂ ಬೇರೆ ಟೀಮುಗಳಿಗೆ ಕೊಟ್ಟಾಗಿತ್ತು. ನಮ್ಮ ಮೇಲೇ ನೋ-ಹಿಟರ್ (ಇಡೀ ಆಟದಲ್ಲಿ ಒಂದೂ ಹಿಟ್ ಇಲ್ಲದಿರೋದು) ಆಗೋದನ್ನ ಕಣ್ಣಾರೆ ನೋಡಬೇಕಾ ಅನಿಸಿತು. ‘ಏಳು, ಟ್ರಾಫಿಕ್ ಆಗುತ್ತೆ’ ಅಂದೆ. ಮಗ ‘ಅಪ್ಪಾ, ಇನ್ನು ಮೂರು ಔಟ್ ಅಷ್ಟೇ’ ಅಂದ. ಕೈ ಹಿಡಿದು ಎಬ್ಬಿಸಿಕೊಂಡು ಹೊರಟೆ. ಮೈದಾನದ ಪಕ್ಕದ ವೇರ್‌ಹೌಸಿನ ಉದ್ದದ ಇಟ್ಟಿಗೆ ಗೋಡೆ ಪಕ್ಕ ನಡೆಯುತ್ತಾ ಅವನು ಮೂರು ಸಲ ಹಿಂತಿರುಗಿ ನೋಡಿದ.

ಕಾರಿನ ಬಾಗಿಲಿಗೆ ಕೈ ಹಾಕಿದ್ದೆ. ಹಿಂದಿನಿಂದ ಒಂದು ಸದ್ದು ಬಂತು. ಜಾತ್ರೆಯಲ್ಲಿ ತೇರು ಹೊರಟಾಗ ಬರುತ್ತಲ್ಲ, ಹಾಗೆ. ಮಗ ಫೋನ್ ನೋಡಿದ. ಎರಡು ಔಟ್ ಆದ ಮೇಲೆ ಹಾಲಿಡೇ ಹೋಮ್ ರನ್. ನೋ-ಹಿಟರ್ ಹೋಯಿತು.

‘ವಾಪಸ್ ಹೋಗೋಣ’ ಅಂದ. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡೋದು ಕಷ್ಟ. ಕಾರಲ್ಲಿ ಕೂತು ರೇಡಿಯೋ ಹಾಕಿದೆ, ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಯಮಾಮೊಟೊನನ್ನು ತೆಗೆದರು. ಅವನ ಬದಲು ಬಂದ ಪಿಚರ್‌ಗಳಿಗೆ ಗುರಿಯೇ ಸಿಗಲಿಲ್ಲ. ಬೇಸುಗಳು ತುಂಬಿದವು, 3-2 ಆಯಿತು. ಎಮ್ಯಾನ್ಯುಯೆಲ್ ರಿವೇರಾ ಚೆಂಡನ್ನು ಮಧ್ಯಕ್ಕೆ ಹೊಡೆದ, ಇಬ್ಬರು ಓಡಿ ಬಂದರು. 4-3. ಆ ಗದ್ದಲವನ್ನು ನಾವು ಎರಡು ಸಲ ಕೇಳಿದೆವು, ಕಿಟಕಿಯಿಂದ ಒಮ್ಮೆ, ಆಮೇಲೆ ರೇಡಿಯೋದಲ್ಲಿ.

ಮನೆ ತಲುಪುವವರೆಗೆ ಮಗ ಒಂದು ಮಾತೂ ಆಡಲಿಲ್ಲ.

ಬೋವಿ_ಬೆಂಚು

ಸರ್!!! ಅದು ಯಾವ ದಿನ ಅಂತ ಗೊತ್ತಾ? 1995ರ ಸೆಪ್ಟೆಂಬರ್ 6. ಕ್ಯಾಲ್ ರಿಪ್ಕೆನ್ ಒಂದೂ ಆಟ ತಪ್ಪಿಸದೆ ಆಡಿದ 2,131ನೇ ಆಟ, ಲೂ ಗೆರಿಗ್ ದಾಖಲೆ ಮುರಿದ ದಿನ. ಸರಿಯಾಗಿ 30 ವರ್ಷ. ಆ ಮನುಷ್ಯ ಒಟ್ಟು 2,632 ಆಟ ಬಿಡದೆ ಆಡಿದ. ನಿಮಗೆ 9ನೇ ಇನ್ನಿಂಗ್ ಕೂರೋಕೆ ಆಗಲಿಲ್ಲ. 🙏

ಪಣಂಬೂರು_ಪಿಚರ್

ಕ್ಷಮೆಯೇ ಇಲ್ಲ ಇದಕ್ಕೆ. ಹುಡುಗ ದೊಡ್ಡವನಾಗಿ ನಿಮ್ಮ ಬಗ್ಗೆ ಪುಸ್ತಕ ಬರೀತಾನೆ ನೋಡಿ.

ಟೌಸನ್_ಅಕ್ಕ

ಪಾಪ, ಬಿಡಿ ಅವರನ್ನ. ನಾನೂ ಆ ದಿನ 8ನೇ ಇನ್ನಿಂಗಿಗೆ ಟಿವಿ ಆಫ್ ಮಾಡಿ ಪಾತ್ರೆ ತೊಳೀತಿದ್ದೆ.

ರಿಪ್ಕೆನ್ ಹೆಸರು ಬಂದದ್ದಕ್ಕೆ ಹೇಳ್ತೀನಿ. ಆತ ಹುಟ್ಟಿದ್ದು ಹಾವ್ರ್ ಡಿ ಗ್ರೇಸ್, ಬೆಳೆದಿದ್ದು ಅಬರ್ಡೀನ್, 1981ರಿಂದ 2001ರವರೆಗೆ 21 ಸೀಸನ್ ಆಡಿದ್ದು ಇದೊಂದೇ ಟೀಮಿಗೆ. ಇಲ್ಲಿನ ಹಳಬರು ಹೆಂಡರ್ಸನ್‌ನನ್ನು ನೋಡುವಾಗ ಕಣ್ಣಲ್ಲಿ ಅದೇ ಆಸೆ ಇರುತ್ತೆ. ನಮ್ಮ ಪಕ್ಕದ ಮನೆಯಾಕೆಗೆ 78. 1983ರ ವಿಶ್ವ ಸರಣಿಯ ಕಿತ್ತಳೆ ಕರವಸ್ತ್ರ ಇನ್ನೂ ಇಟ್ಟುಕೊಂಡಿದ್ದಾರೆ. ‘ಈ ಹುಡುಗ ಇರ್ತಾನಾ ಹೋಗ್ತಾನಾ’ ಅಂತ ನನ್ನನ್ನು ಕೇಳ್ತಾರೆ, ನಾನೇನೋ ಟೀಮಿನ ಲೆಕ್ಕ ಬರೆಯೋಳು ಅನ್ನೋ ಹಾಗೆ.

ಜಯನಗರ_4ನೇ_ಬ್ಲಾಕ್

ನಾನು ಸುಮ್ನೆ ಓದೋಣ ಅಂತ ಬಂದವನು, ಆ 9ನೇ ಇನ್ನಿಂಗಿನ ವಿಡಿಯೋ ನಾಲ್ಕು ಸಲ ನೋಡಿದೆ. ರಾತ್ರಿ ಒಂದೂವರೆ ಆಗಿದೆ. ಹೆಂಡತಿ ಏನು ನೋಡ್ತಿದ್ದೀರಿ ಅಂತ ಎದ್ದು ಬಂದಳು.

ಒಂದು ಡೌಟು. ಹೊನ್ನಕ್ಕಿ ಅಂದ್ರೆ ನಮ್ಮ ಮನೆ ಹತ್ತಿರದ ಮರಕ್ಕೆ ಬರುವ ಹಳದಿ ಹಕ್ಕಿ ತಾನೇ? ಇವರದ್ದು ಯಾಕೆ ಕಿತ್ತಳೆ?

ಹೊನ್ನಕ್ಕಿ_ಎಲಿಕಾಟ್

ಹೆಸರು ಒಂದೇ, ಕುಲ ಬೇರೆ. ನಮ್ಮ ಹೊನ್ನಕ್ಕಿಗೂ ಇಲ್ಲಿನ ಓರಿಯೋಲ್‌ಗೂ ಹತ್ತಿರದ ನಂಟಿಲ್ಲ. ಲಾರ್ಡ್ ಬಾಲ್ಟಿಮೋರ್ ಮನೆತನದ ಲಾಂಛನದ ಬಣ್ಣ ಹೋಲುತ್ತೆ ಅಂತ ಈ ಹಕ್ಕಿಗೆ ಬಾಲ್ಟಿಮೋರ್ ಓರಿಯೋಲ್ ಅಂತ ಹೆಸರಿಟ್ಟರು. ನನಗೆ ಊರಿನ ನೆನಪಿಗೆ ಆ ಹೆಸರು ಇರಲಿ ಅನಿಸಿತು.

ಅಣ್ಣಪ್ಪನವರೇ, ನಿಮ್ಮ 59-53 ನನ್ನ ತಲೆಯಲ್ಲಿ ಕೂತಿದೆ. ಒಳ್ಳೇದೇ. ಆದರೂ ಒಂದು ಪ್ಲೇಆಫ್ ಆಟ ಗೆದ್ದು ತೋರಿಸಲಿ ಮೊದಲು. 2014ರಿಂದ ಲೆಕ್ಕ ಹಾಕಿ, ಸತತ 10 ಪ್ಲೇಆಫ್ ಸೋಲು. ಕಪ್ ಬೇಡ, ಸರಣಿಯೂ ಬೇಡ. ಒಂದು ಆಟ.

ಅಂಕಿಸಂಖ್ಯೆ_ಅಣ್ಣಪ್ಪ

ಆ 10ಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೋತೆ.

ಪಣಂಬೂರು_ಪಿಚರ್

ಹಾಗಾದರೆ ಏಪ್ರಿಲ್‌ನಲ್ಲಿ ಒಂದು ಭಾನುವಾರ ಎಲ್ಲರೂ ಸೇರಿ ಹೋಗುವನಾ? ಬೈಯುವುದಾದರೆ ಒಟ್ಟಿಗೇ ಬೈಯುವ. 12 ಜನ ಆದರೆ ನಾನೇ ಟಿಕೆಟ್ ನೋಡ್ತೇನೆ. ಎಡ ಮೂಲೆ ಬೇಡ, ಏಪ್ರಿಲ್ ಚಳಿಯಲ್ಲಿ ಆ ನೀರು ಹಾಕಿಸಿಕೊಂಡರೆ ಸೋಮವಾರ ರಜೆ ಹಾಕಬೇಕಾದೀತು.

ಹೊನ್ನಕ್ಕಿ_ಎಲಿಕಾಟ್

ನಾವು ಮೂವರು ಬರ್ತೀವಿ. ಮಗ ಕರಾರು ಹಾಕಿದ್ದಾನೆ. ಗೇಟ್ ಒಳಗೆ ಹೋದ ತಕ್ಷಣ ಕಾರಿನ ಕೀ ಅವನ ಜೇಬಿಗೆ. ಕೊನೆಯ ಔಟ್ ಆದ ಮೇಲೆ ವಾಪಸ್.

ಟೌಸನ್_ಅಕ್ಕ

ನಾವು ಇಬ್ಬರು, ಜೊತೆಗೆ ಪಕ್ಕದ ಮನೆ ಅಜ್ಜಿ. ಓರಿಯೋಲ್ಸ್ ಮೈದಾನ ಕ್ಯಾಮ್ಡನ್ ಯಾರ್ಡ್ಸ್ ಒಳಗೆ ಹೊರಗಿನ ತಿಂಡಿ ಬಿಡ್ತಾರೆ, ನಾನು ಚಿತ್ರಾನ್ನ ತರ್ತೀನಿ. ಮೊಸರನ್ನ ಯಾರಾದರೂ ತನ್ನಿ.

ಧಾರವಾಡ_ಪೇಡಾ

ಅಕ್ಕಾರ, ಈ ಸಲ ಒಗ್ಗರಣಿ ಹಾಕೂ ಮುಂದ ಟಿವಿ ಬಂದ್ ಇಡ್ರಿ.